ಏಳು ರೊಟ್ಟಿಯಷ್ಟು ಹೊತ್ತು

ಮೊಗಲಾಯಿಗೆ ಹೊರಟದ್ದು

ನಮ್ಮಜ್ಜ ಹೈದರಾಬಾದಿಗೆ ಹೋಗುವುದನ್ನು ‘ಮೊಗಲಾಯಿಗೆ ಹೋಗೂದು’ ಎನ್ನುತ್ತಿದ್ದ. ಅವನ ಕಾಲಕ್ಕೆ ಅದು ಪರರಾಜ್ಯ. ಬೇರೆ ದೊರೆ, ಬೇರೆ ನಾಣ್ಯ, ಬೇರೆ ಕಾನೂನು. ಈಗ ವಿಜಯಪುರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯ ಚಹಾ ಅಲ್ಲಿ. ಗಡಿ ಎಲ್ಲಿ ದಾಟಿತೆಂದು ನಿದ್ದೆ ಹೋದವರಿಗೆ ಗೊತ್ತೂ ಆಗುವುದಿಲ್ಲ. ಆದರೆ ನಾನು ಬಸ್ಸಿನಲ್ಲಿ ನಿದ್ದೆ ಹೋಗುವವನಲ್ಲ. ಡ್ರೈವರ್ ನಿದ್ದೆ ಹೋದರೆ ಯಾರಾದರೂ ಎಚ್ಚರಿರಬೇಕಲ್ಲ?

ಹೆದರುವುದು ನನ್ನ ಸ್ವಭಾವ ಮಾತ್ರವಲ್ಲ, ನೌಕರಿಯೂ ಹೌದು. ವಿದ್ಯುತ್ ಕಚೇರಿಯಲ್ಲಿ ಕೆಲಸ. ತಲೆಬುರುಡೆ ಬರೆದ ‘ಅಪಾಯ’ದ ಕೆಂಪು ಫಲಕಗಳು ಎಲ್ಲೆಲ್ಲಿ ಇವೆ, ಎಲ್ಲೆಲ್ಲಿ ಬಿದ್ದುಹೋಗಿವೆ ಎಂದು ನೋಡಿಕೊಂಡು ಬರುವವನು ನಾನೇ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವನಿಗೆ ಜಗತ್ತಿನ ಪ್ರತಿ ಕಂಬದ ಮೇಲೂ ಒಂದು ಬುರುಡೆ ಕಾಣುತ್ತದೆ. ಹೊರಡುವಾಗ ಚೀಲದಲ್ಲಿ ಆಧಾರ್ ಕಾರ್ಡಿನ ಮೂರು ನಕಲು, ಜ್ವರದ ಗುಳಿಗೆ, ಹೊಟ್ಟೆ ಕೆಟ್ಟರೆ ಬೇರೆ ಗುಳಿಗೆ, ಟಾರ್ಚು, ಎರಡು ಮಾರು ನೂಲಿನ ಹಗ್ಗ ಇಟ್ಟುಕೊಂಡೆ.

“ಹಗ್ಗ ಯಾಕ್ರಿ?” ಎಂದಳು ಹೆಂಡತಿ ಶಕುಂತಲಾ.

“ಇರಲಿ.”

“ನೋಡ್ರಿ, ಅಲ್ಲಿ ಹೋಗಿ ಆಸ್ಪತ್ರ್ಯಾಗ ನೀವ ಮೊದಲ ಮಲಗಬ್ಯಾಡ್ರಿ. ಅವರಿಗೆ ಒಂದ ಹಾಸಿಗಿ ಸಾಕಾಗೈತಿ.”

ಹೋಗುತ್ತಿದ್ದುದು ತಂಗಿಯ ಮಗಳಿಗಾಗಿ. ತನ್ಮಯಿ, ಮನೆಯಲ್ಲಿ ತನು, ಐದು ವರ್ಷ. ತಿಂಗಳಿಂದ ಬಲಗಾಲು ಎಳೆಯುತ್ತಿದ್ದಳು. ಎಕ್ಸ್‌ರೇ ತೆಗೆಸಿದರೆ ತೊಡೆಯ ಎಲುಬಿನ ಮೇಲ್ತುದಿಯಲ್ಲಿ ಒಂದು ಕಪ್ಪು ಮಚ್ಚೆ. ಅದೇನೆಂದು ತಿಳಿಯಲು ಸುರಂಗದಂಥ ಯಂತ್ರದೊಳಗೆ ಮಲಗಿಸಿ ಸ್ಕ್ಯಾನ್ ಮಾಡಬೇಕು. ಅದಕ್ಕೆ ಮೊದಲು ಕೈಗೆ ಸೂಜಿ ಹಾಕಿ ನಳಿಕೆ ಕೂಡಿಸಬೇಕು, ಆಮೇಲೆ ಮುಕ್ಕಾಲು ತಾಸು ಅಲುಗಾಡದೆ ಇರಬೇಕು. ಮೊದಲ ಸಲ ಸೂಜಿ ಕಂಡದ್ದೇ ತಡ, ನಾಲ್ಕು ಜನ ಹಿಡಿದರೂ ಹುಡುಗಿ ನಿಲ್ಲಲಿಲ್ಲವಂತೆ. ಒಂದು ಸಲ ಚುಚ್ಚಿ, ಅದೂ ಕಿತ್ತು ಬಂದು, ಎಲ್ಲರೂ ಬೆವರಿ ವಾಪಸ್ಸು. ಮಂಪರಿನ ಔಷಧಿ ಕೊಟ್ಟು ಮಾಡೋಣವೆಂದರೆ ಎದೆಯಲ್ಲಿ ಉಬ್ಬಸ. ಅದು ಪೂರ್ತಿ ಇಳಿಯುವ ತನಕ ಮಂಪರು ಬೇಡ ಎಂದಿದ್ದರು. ಎರಡು ಸಲ ದಿನ ಕೊಟ್ಟು ಎರಡು ಸಲವೂ ಮುಂದೂಡಿದ್ದರು.

ತಂಗಿ ಸುಮಂಗಲಾ ಫೋನಿನಲ್ಲಿ ಅಂದಳು: “ಅಣ್ಣಾ, ನೀ ಬಾ. ಮಾಮಾ ಅಂದ್ರ ಆಕಿ ಮಾತ ಕೇಳತಾಳ.”

ನಾನು ಹೆಮ್ಮೆಯಿಂದ ಬಸ್ಸು ಹತ್ತಿದೆ.

ಪಟಾನ್‌ಚೆರು: ತಪ್ಪಿ ಇಳಿದದ್ದು

ಮಿಯಾಪುರದಲ್ಲಿ ಇಳಿಯಬೇಕೆಂದು ಹೇಳಿದ್ದರು. ಜಹೀರಾಬಾದ್ ದಾಟಿದಾಗಿನಿಂದ ಹತ್ತು ನಿಮಿಷಕ್ಕೊಮ್ಮೆ “ಮಿಯಾಪುರ ಬಂತೇನ್ರಿ?” ಎಂದು ಕೇಳಿ ಕಂಡಕ್ಟರನ ಪ್ರಾಣ ತಿಂದೆ. ಐದನೆಯ ಸಲ ಅವನು ನನ್ನನ್ನು ನೋಡುವುದನ್ನೇ ಬಿಟ್ಟ. ಆರನೆಯ ಸಲಕ್ಕೆ ದೊಡ್ಡ ದೊಡ್ಡ ಕಟ್ಟಡ ಕಂಡವು, ಹತ್ತಾರು ಜನ ಎದ್ದು ನಿಂತರು, ನಾನೂ ಇಳಿದುಬಿಟ್ಟೆ. ಬಸ್ಸು ಹೋದ ಮೇಲೆ ಮೂಗಿಗೆ ಔಷಧಿ ಬಾಟಲಿ ಒಡೆದಂಥ ವಾಸನೆ ಹೊಡೆಯಿತು. ಅದು ಪಟಾನ್‌ಚೆರು. ಎಲ್ಲಿ ನೋಡಿದರೂ ಕಾರ್ಖಾನೆ, ಪಾಳಿ ಮುಗಿಸಿ ಟಿಫಿನ್ ಡಬ್ಬಿ ಹಿಡಿದು ಬರುವ ಜನ.

“ಮಿಯಾಪುರ ಇನ್ನೂ ಮುಂದ ಅದ ಕಾಕಾ, ಬರ್ರಿ ನಂಜೊತಿ,” ಎಂದವನು ಹುಮನಾಬಾದ್ ಕಡೆಯವನು. ನನ್ನ ಮುಖದ ಮೇಲೆಯೇ ‘ಕನ್ನಡ’ ಎಂದು ಬರೆದಿತ್ತೋ ಏನೋ. ಸಿಟಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತ. ಗುಳಿಗೆ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸವಂತೆ.

“ದಿನಾ ಎಷ್ಟ್ ಗುಳಗಿ ಮಾಡ್ತೀನಿ, ಲೆಕ್ಕ ಇಲ್ರಿ. ಆದ್ರ ಮನ್ಯಾಗ ನನ್ನ ಮಗನಿಗೆ ಒಂದ ಗುಳಗಿ ನುಂಗಸಾಕ ಆಗಂಗಿಲ್ಲ. ನಾ ಕೈ ಹಿಡೀತೀನಿ, ಅವರವ್ವ ಕಾಲ್ ಹಿಡೀತಾಳ, ನಮ್ಮವ್ವ ಮೂಗ ಮುಚ್ಚತಾಳ.”

ನಾನು ಮುಗುಳ್ನಕ್ಕೆ. ಬಲ್ಲವನ ನಗು ಅದು. ನನ್ನ ಉಪಾಯ ಹೇಳಿದೆ. ಎರಡು ವರ್ಷದಿಂದ ಪ್ರತಿ ಸಂಜೆ ತನುವಿನ ಊಟದ ಹೊತ್ತಿಗೆ ತಂಗಿ ವಿಡಿಯೋ ಕಾಲ್ ಮಾಡುತ್ತಾಳೆ. ನಾನು ತಲೆಗೆ ಬಿಳಿ ಟವೆಲ್ ಸುತ್ತಿ, ಕನ್ನಡಕ ಮೂಗಿನ ತುದಿಗಿಳಿಸಿ, ಹೋಳಿ ಹುಣ್ಣಿಮೆಯ ಹಳದಿ ಪಿಚಕಾರಿ ಎತ್ತಿ ಹಿಡಿದು ‘ಸೂಜಿ ಡಾಕ್ಟರ್’ ಆಗುತ್ತೇನೆ. “ಉಣ್ಣತಿಯೋ, ಬಸ್ ಹತ್ತಿ ಬರಲ್ಯೋ?” ಎನ್ನುತ್ತೇನೆ. ಹುಡುಗಿ ಕಣ್ಣು ಅಗಲಿಸಿ ಗುಳುಂ ಗುಳುಂ ನುಂಗುತ್ತಾಳೆ. ಒಂದು ತಾಸಿನ ಊಟ ಎಂಟು ನಿಮಿಷಕ್ಕೆ ಮುಗಿಯುತ್ತದೆ. ಮನೆಯವರಿಗೆಲ್ಲ ನಗು. ಬಂಧುಬಳಗದಲ್ಲಿ ನನಗೆ ಇದರಿಂದ ಒಂದು ಹೆಸರೂ ಬಂದಿತ್ತು.

“ಭಾರಿ ಐಡಿಯಾ ರೀ ಕಾಕಾ,” ಎಂದ ಅವನು. ಪಿಚಕಾರಿ ಎಷ್ಟು ದೊಡ್ಡದಿರಬೇಕು ಎಂದೂ ಕೇಳಿಕೊಂಡ. ಆ ಮಗುವಿನ ಕ್ಷಮೆ ನಾನು ಇಲ್ಲಿಂದಲೇ ಕೇಳಬೇಕು.

ಕುಷಾಯಿಗೂಡ: ಮಂಚದ ಕೆಳಗೆ

ಮಿಯಾಪುರದಿಂದ ಮೆಟ್ರೋ, ನಡುವೆ ಒಮ್ಮೆ ಬದಲಿಸಿ ಇನ್ನೊಂದು ಮೆಟ್ರೋ. ಅಲ್ಲಿಂದ ಕುಷಾಯಿಗೂಡದ ಮನೆಗೆ ತಂಗಿಯ ಗಂಡ ಬಸವರಾಜನ ಸ್ಕೂಟರ್. ಅವನು ಅಲ್ಲಿಯ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದಾನೆ. ಮಾತು ಕಡಿಮೆ. ಕೆಂಪು ದೀಪದ ಹತ್ತಿರ ನಿಂತಾಗ ಮುಂದೆ ನೋಡುತ್ತಲೇ ಹೇಳಿದ: “ಅಣ್ಣಾರ, ಡಾಕ್ಟರ್ ಎರಡು ಸಾಧ್ಯತಾ ಅದಾವ ಅಂದಾರ. ಒಂದು, ಚಿಂತಿ ಇಲ್ಲದ್ದು. ಇನ್ನೊಂದರ ಹೆಸರ ನಾವ ಮನ್ಯಾಗ ತಗೊಂಡಿಲ್ಲ. ಸ್ಕ್ಯಾನ್ ಆಗೂತನ ಗೊತ್ತಾಗೂದಿಲ್ಲ. ಎಷ್ಟ್ ಲಗೂ ಆಗ್ತೈತಿ ಅಷ್ಟ್ ಚೊಲೊ.” ದೀಪ ಹಸಿರಾಯಿತು. ಆ ಹೆಸರು ನಾನೂ ತೆಗೆಯಲಿಲ್ಲ. ಆದರೆ ಮನೆ ಮುಟ್ಟುವ ತನಕ ಎದುರಿಗೆ ಬಂದ ಪ್ರತಿ ಕಂಬದ ಮೇಲೂ ಅದನ್ನೇ ಓದಿದೆ.

ಬಾಗಿಲು ತೆರೆದೇ ಇತ್ತು. ತನು ನೆಲದ ಮೇಲೆ ಕೂತು ಏನೋ ಬರೆಯುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿನ ಚೀಲ ನೋಡಿದಳು. ಕುಂಟುವ ಕಾಲಿನಲ್ಲಿ ಒಂದು ಮಗು ಅಷ್ಟು ಬೇಗ ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಒಳಕೋಣೆಯ ಮಂಚದ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ಸೇರಿಕೊಂಡಳು.

“ನಾ ಎಲ್ಲಾ ಉಂಡೀನಿ! ಅವ್ವಾ, ಹೇಳ! ನಾ ಎಲ್ಲಾ ಉಂಡೀನಿ ಅಂತ ಹೇಳ ಮಾಮಾಗ!”

ಎರಡು ವರ್ಷದಿಂದ ಬರುತ್ತೇನೆ, ಬರುತ್ತೇನೆ ಎಂದು ಹೆದರಿಸಿದ್ದವನು ಕೊನೆಗೂ ಬಸ್ಸು ಹತ್ತಿ ಬಂದುಬಿಟ್ಟಿದ್ದ.

ನಾನು ಹೊಸಿಲ ಮೇಲೆ ಹಾಗೇ ನಿಂತೆ. ಸುಮಂಗಲಾ ನಗಲು ನೋಡಿದಳು, ಆಗಲಿಲ್ಲ. “ಹುಚ್ಚಿ, ಮಾಮಾ ಸೂಜಿ ತಂದಿಲ್ಲ, ಬಾ ಹೊರಗ.”

“ಚೀಲದಾಗ ಐತಿ!”

ಸರಿ, ಚೀಲ ತೋರಿಸಿಬಿಡೋಣ ಎಂದು ಮಂಚದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದಾಗಿ ತೆಗೆದಿಟ್ಟೆ. ಗುಳಿಗೆ ಬಂತು, ಅಳು ಏರಿತು. ಟಾರ್ಚು ಬಂತು, ಡಾಕ್ಟರು ಬಾಯಿ ತೆರೆಸಿ ನೋಡುವುದು ಅದರಿಂದಲೇ. ಕೊನೆಗೆ ಹಗ್ಗ ಬಂತು. ಆಗ ಅವಳು ಕೂಗಿದ ಕೂಗಿಗೆ ಮೇಲಿನ ಮನೆಯವರು ಇಳಿದುಬಂದರು.

ಆ ಸಂಜೆ ಹುಡುಗಿಯ ಊಟ ಮಂಚದ ಕೆಳಗೇ ಆಯಿತು. ನಾನು ಮಾಳಿಗೆಯ ಗಚ್ಚಿಯ ಮೇಲೆ ಹೋಗಿ ಕೂತಿದ್ದೆ, ಕಾಣಿಸದಂತೆ.

ಆಟದ ಕೋಣೆ, ಗುರುವಾರ

ಮಕ್ಕಳ ಆಸ್ಪತ್ರೆಗಳಲ್ಲಿ ಆಟದ ಟೀಚರ್ ಎಂಬ ನೌಕರಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮೂರ ದವಾಖಾನೆಗಳಲ್ಲಿ ಮಕ್ಕಳಿಗಾಗಿ ಇರುವುದು ಒಂದೇ: ತುಟಿಯ ಮೇಲೆ ಬೆರಳಿಟ್ಟ ಕೂಸಿನ ಚಿತ್ರ. ಇಲ್ಲಿ ಸ್ಕ್ಯಾನಿಗೆ ಮತ್ತೆ ದಿನ ಕೊಡುವ ಮೊದಲು ವೈದ್ಯರೇ ‘ಒಂದು ವಾರ ಆಟಕ್ಕೆ ಕಳಿಸಿ’ ಎಂದು ಚೀಟಿ ಬರೆದಿದ್ದರು. ಔಷಧಿ ಬರೆಯುವ ಚೀಟಿಯಲ್ಲೇ ಬರೆದಿದ್ದರಿಂದ ನಾನು ಎರಡು ಸಲ ಓದಿದೆ.

ಕೋಣೆಯ ಬಾಗಿಲ ಪಕ್ಕ ಗೋಡೆಗೆ ಮೂರು ಗೂಟ. ಡಾಕ್ಟರುಗಳು ಒಳಗೆ ಬರಬೇಕೆಂದರೆ ಬಿಳಿ ಕೋಟು ಅಲ್ಲಿ ತೂಗುಹಾಕಿ ಬರಬೇಕು. ಒಳಗೆ ಯಾರಿಗೂ ಏನೂ ಚುಚ್ಚುವಂತಿಲ್ಲ, ಗುಳಿಗೆ ಕೊಡುವಂತಿಲ್ಲ. ಗುಡಿಯ ಮುಂದೆ ಚಪ್ಪಲಿ ಬಿಟ್ಟಂತೆ ಒಬ್ಬ ಹಿರಿಯ ವೈದ್ಯರು ಕೋಟು ಬಿಟ್ಟು, ಒಳಗೆ ಬಂದು, ನೆಲದ ಮೇಲೆ ಕೂತು ಲಾರಿ ಓಡಿಸಿ ಎದ್ದು ಹೋದದ್ದನ್ನು ಕಣ್ಣಾರೆ ನೋಡಿದೆ.

ಟೀಚರ್ ಹೆಸರು ಪದ್ಮಾ. ನನಗಿಂತ ನಾಲ್ಕೈದು ವರ್ಷ ಸಣ್ಣವರು. ನಾರಾಯಣಪೇಟೆಯವರು, ಮನೆಯಲ್ಲಿ ತೆಲುಗು, ಬಾಜಾರದಲ್ಲಿ ಕನ್ನಡ ಆಡಿ ಬೆಳೆದವರು. ಮೊದಲು ಹುಡುಗಿಯ ಜೊತೆ ಮಾತೇ ಆಡಲಿಲ್ಲ. ದೊಡ್ಡವರನ್ನು ಸಾಲಾಗಿ ಕೂರಿಸಿ ಕೇಳಿದರು: “ಮನ್ಯಾಗ ಸೂಜಿ ಹೆಸರಿಲೆ ಹೆದರಿಸಿ ಉಣಸೋರು ಯಾರ ಇದ್ದೀರಿ?”

ಬಸವರಾಜ ಫ್ಯಾನು ನೋಡಿದ. ಸುಮಂಗಲಾ ಕಾಲುಂಗುರ ನೋಡಿದಳು. ನಾನು ಗಂಭೀರವಾಗಿ, “ಕೆಲವರ ಮನ್ಯಾಗ ಇರ್ತಾರ್ರಿ ಅಂಥವರು,” ಎಂದೆ.

ಪದ್ಮಾ ತನುವಿನ ಮುಂದೆ ಒಂದು ಬಟ್ಟೆಗೊಂಬೆ ಇಟ್ಟರು. ಬರೀ ಬಿಳಿ ಬಟ್ಟೆ, ಕೈಕಾಲು ಇದೆ, ಮುಖವಿಲ್ಲ. ಪಕ್ಕದಲ್ಲಿ ಬಣ್ಣದ ಪೆನ್ನು. “ಇದು ಯಾರಂತ ನೀನ ಬರಿ” ಎಂದು ಹೇಳಿ ತಮ್ಮ ಪಾಡಿಗೆ ತಾವು ಬೇರೆ ಏನೋ ಜೋಡಿಸುತ್ತ ಕೂತರು.

ಹುಡುಗಿ ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಬರೆಯತೊಡಗಿದಳು. ಎರಡು ದುಂಡನೆಯ ಕನ್ನಡಕ, ಮೂಗಿನ ತುದಿಯಲ್ಲಿ. ಮೀಸೆ. ತಲೆಗೆ ಸುತ್ತಿದ ಟವೆಲ್. ಎಡಗೆನ್ನೆಯ ಮೇಲೆ, ನನಗೆ ಇರುವಲ್ಲಿಯೇ, ಒಂದು ನರೂಲಿ.

ಪದ್ಮಾ ಗೊಂಬೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೊಮ್ಮೆ ಗೊಂಬೆಯನ್ನು ನೋಡಿದರು.

ಪಿಚಕಾರಿಯ ಸಮೇತ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆಂದು ಕುತ್ತಿಗೆ ಬಗ್ಗಿಸಿದ್ದೆ. ಅವರು, “ಎಲ್ಲಾರ ಮನ್ಯಾಗೂ ಒಬ್ಬರು ಇರ್ತಾರ್ರಿ ಮಾಮಾರ. ಖರೇ ಅಂದ್ರ ಅಜ್ಜಿ ಇರ್ತಾರ. ಡ್ರೆಸ್ ಹಾಕ್ಕೊಂಡು ವಿಡಿಯೋದಾಗ ಮಾಡೋರನ್ನ ಇವತ್ತ ಮೊದಲ ಸಲ ನೋಡಿದೆ” ಎಂದರು. ಬೈದಿದ್ದರೇ ವಾಸಿ ಇತ್ತು.

“ಈಗ ಏನ್ ಮಾಡಬೇಕ್ರಿ?”

“ನಾಳಿಂದ ನೀವ ಪೇಷಂಟ್.”

ಆಟದ ಕೋಣೆ, ಶುಕ್ರವಾರ

ಚಾಪೆಯ ಮೇಲೆ ನನ್ನನ್ನು ಮಲಗಿಸಿದರು. ತನು ಕೋಣೆಯ ಆ ತುದಿಯಲ್ಲಿ. ನಡುವೆ ಒಂದು ಬುಟ್ಟಿ ತುಂಬ ನಿಜವಾದ ಸಿರಿಂಜುಗಳು, ಸೂಜಿ ಮಾತ್ರ ಇಲ್ಲ. ಪಕ್ಕದಲ್ಲಿ ನೀರಿನ ಬೋಗುಣಿ. ಮೊದಲ ಅರ್ಧ ತಾಸು ಅವಳು ಹತ್ತಿರ ಬರಲಿಲ್ಲ. ಆಮೇಲೆ ಒಂದು ಸಿರಿಂಜಿಗೆ ನೀರು ಎಳೆದಳು. ದೂರದಿಂದಲೇ ಗುರಿಯಿಟ್ಟಳು. ನೀರು ನನ್ನ ಕನ್ನಡಕಕ್ಕೆ ಬಡಿಯಿತು. ಯಾರೂ ಬೈಯಲಿಲ್ಲ. ಎರಡನೆಯದು ಕಿವಿಗೆ. ಹತ್ತನೆಯ ಹೊತ್ತಿಗೆ ಅವಳು ನಾಲ್ಕು ಹೆಜ್ಜೆ ಹತ್ತಿರ ಬಂದಿದ್ದಳು, ನನ್ನ ಅಂಗಿ ಹಿಂಡುವಂತಾಗಿತ್ತು. ನ್ಯುಮೋನಿಯಾ ಎಷ್ಟು ದಿನಕ್ಕೆ ಬರುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ಬಂದು ನನ್ನ ಮೊಳಕೈ ಹತ್ತಿರ ಕೂತಳು. ಸಿರಿಂಜು ಒತ್ತಿದಳು.

ನಾನು ಉತ್ಸಾಹದಿಂದ, “ಅಯ್ಯ! ನೋವ ಆಗಲೇ ಇಲ್ಲ! ಇಷ್ಟೇನಾ ಸೂಜಿ ಅಂದ್ರ!” ಎಂದು ನಕ್ಕೆ.

ತನು ಸಿರಿಂಜು ಕೆಳಗಿಟ್ಟಳು. ಎದ್ದು ಮತ್ತೆ ಆ ತುದಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಪದ್ಮಾ ಬಗ್ಗಿ ಮೆಲ್ಲಗೆ ಹೇಳಿದರು: “ಕೆಡಿಸಿದ್ರಿ. ಹೋದ ಸಲ ಆಕಿಗೆ ನೋವ ಆಗ್ಯದ. ಎಲ್ಲಾರೂ ಆಗಂಗಿಲ್ಲ, ಆಗಂಗಿಲ್ಲ ಅಂದಿದ್ರು. ಈಗ ನೀವೂ ಅದನ್ನ ಅಂದ್ರಿ. ಇಂವಾ ಹೆದರಸೋನೂ ಹೌದು, ಸುಳ್ಳ ಹೇಳೋನೂ ಹೌದು ಅಂತ ಗೊತ್ತಾತು ಆಕಿಗೆ.”

“ಮತ್ತೇನ್ ಹೇಳಲ್ರಿ?”

“ಖರೇ ಹೇಳ್ರಿ. ನೋವ ಆಗ್ತದ. ಎಷ್ಟ್ ಹೊತ್ತು ಆಗ್ತದ ಅದನ್ನೂ ಹೇಳ್ರಿ. ನಮ್ಮ ಕೋಣ್ಯಾಗ ಪೇಷಂಟ್ ಅಳಬಹುದು, ಒದರಬಹುದು, ಯಾರದಾರ ಕೈ ಹಿಡಕೋಬಹುದು. ಕೈ ಹಿಂದಕ್ಕ ಎಳೀಬಾರದು, ಅದೊಂದ.”

ನಮ್ಮ ಮನೆತನದಲ್ಲಿ ಮಕ್ಕಳಿಗೆ ಎರಡೇ ಮಾತು ಹೇಳುವುದು. ಆಸ್ಪತ್ರೆಯ ಹೊರಗಿದ್ದರೆ ‘ಸೂಜಿ ಹಾಕಿಸ್ತೀನಿ’. ಒಳಗೆ ಹೋದ ಮೇಲೆ ‘ಏನೂ ಆಗೂದಿಲ್ಲ’. ಎರಡರ ನಡುವೆ ನಿಜ ಎಂಬುದು ಒಂದಿರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಚಾವಣಿ ನೋಡುತ್ತ ಮಲಗಿದೆ. ಆಮೇಲೆ, ಯಾರಿಗೂ ಹೇಳಿರದಿದ್ದ ಮಾತನ್ನು ಆ ಚಾವಣಿಗೆ ಹೇಳಿದೆ.

“ತನೂ, ನನಗ ಸೂಜಿ ಅಂದ್ರ ಭಾಳ ಹೆದರಿಕಿ.”

ಚಾವಣಿಗೇ ಮುಂದುವರಿಸಿದೆ.

“ಸಕ್ಕರಿ ಕಾಯಿಲೆ ಐತೇನು ನೋಡಾಕ ರಕ್ತ ಕೊಡು ಅಂತ ಶಕುಂತಲಾ ಅತ್ತಿ ನಾಕು ವರ್ಷದಿಂದ ಗಂಟು ಬಿದ್ದಾಳ. ನಾ ಹೋಗಿಲ್ಲ.”

ಆ ತುದಿಯಿಂದ ಸಣ್ಣ ದನಿ: “ಖರೇನ?”

“ಖರೇನವ್ವ.”

ಈ ಪಾತ್ರಕ್ಕೆ ನನಗೆ ತಾಲೀಮು ಬೇಕಿರಲಿಲ್ಲ. ಹೆದರುವುದೊಂದನ್ನು ಜೀವಮಾನವಿಡೀ ಮಾಡಿಕೊಂಡು ಬಂದಿದ್ದೇನೆ. ಅವಳು ಕಾಲೆಳೆಯುತ್ತ ಬಂದಳು. ನನ್ನ ಮುಖವನ್ನು ಹತ್ತಿರದಿಂದ ನೋಡಿದಳು, ನರೂಲಿಯನ್ನು ಬೆರಳಿನಿಂದ ಒಮ್ಮೆ ಒತ್ತಿದಳು. ಆಮೇಲೆ ಸಿರಿಂಜು ಎತ್ತಿಕೊಂಡು, ಪದ್ಮಾ ಟೀಚರ್ ದನಿಯಲ್ಲೇ, “ಮಾಮಾ, ನೋವ ಆಗ್ತೈತಿ. ಹತ್ತು ಎಣಸೂತನ ಆಗ್ತೈತಿ. ಅಳಬೇಕಂದ್ರ ಅಳು. ಕೈ ಎಳೀಬ್ಯಾಡ” ಎಂದಳು.

ನಾನು ಅತ್ತೆ. ಆಟಕ್ಕೆ ಶುರು ಮಾಡಿದ್ದು. ಸ್ವಲ್ಪ ಜಾಸ್ತಿಯೇ ಆಯಿತು. ಹುಡುಗಿಗೆ ಭಾರಿ ಸಮಾಧಾನವಾಯಿತು. ಆ ದಿನ ನನಗೆ ಒಟ್ಟು ಹದಿನೇಳು ಇಂಜೆಕ್ಷನ್ ಆದವು.

ಊಟದ ಮೇಜಿನ ಕೆಳಗೆ, ಭಾನುವಾರ

ಸೂಜಿ ಒಂದಾಯಿತು, ಇನ್ನು ಸುರಂಗ. ಯಂತ್ರದ ಸದ್ದನ್ನು ಪದ್ಮಾ ಬಸವರಾಜನ ಫೋನಿಗೆ ಕಳಿಸಿದ್ದರು. ಮನೆಯ ಊಟದ ಮೇಜಿನ ಮೇಲೆ ಜಮಖಾನೆ ಇಳಿಬಿಟ್ಟು ಸುರಂಗ ಮಾಡಿದೆವು. ಮೊದಲ ಪೇಷಂಟ್ ಯಾರೆಂದು ಹೇಳಬೇಕಾಗಿಲ್ಲ.

ಸದ್ದು ಶುರುವಾಯಿತು. ಟಪ್ ಟಪ್ ಟಪ್ ಟಪ್, ಎಡೆಬಿಡದೆ. ಯಾವುದೋ ಟ್ರಾನ್ಸ್‌ಫಾರ್ಮರ್ ಸಿಡಿಯುವ ಮುಂಚೆ ಹೀಗೆಯೇ ಬಡಿದುಕೊಳ್ಳುತ್ತದೆ. ಹೊರಗಿನಿಂದ ತನುವಿನ ಮಾತು ಕೇಳಿಸಿತು:

“ಅವ್ವಾ, ಇದು ರೊಟ್ಟಿ ಬಡ್ಯಾಕತ್ತೈತಿ!”

ಅಡುಗೆಮನೆಯಲ್ಲಿ ಸುಮಂಗಲಾ ನಿಜಕ್ಕೂ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಸದ್ದು ಒಂದೇ ಲಯದಲ್ಲಿದ್ದವು. ಸ್ವಲ್ಪ ಹೊತ್ತಿಗೆ ಯಂತ್ರದ್ದು ನಿಂತಿತು. “ಈಗ ಹಂಚಿನ ಮ್ಯಾಲ ಹಾಕ್ಯಾರ,” ಎಂದಳು ಹುಡುಗಿ. ಮತ್ತೆ ಬೇರೆ ದನಿಯಲ್ಲಿ ಶುರುವಾಯಿತು, ದಪ್ಪಗೆ. “ಇದು ಎರಡನೇದು. ಇದು ದಪ್ಪ ರೊಟ್ಟಿ, ಅಪ್ಪಾಜಿದು.”

ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರೂ ಸ್ಕ್ಯಾನ್ ಎನ್ನಲಿಲ್ಲ. ಬಸವರಾಜ ಪದ್ಮಾಗೆ ಫೋನ್ ಮಾಡಿ ಒಟ್ಟು ಎಷ್ಟು ಸದ್ದು ಎಂದು ಕೇಳಿದ. ಏಳು. ಅಂದರೆ ಏಳು ರೊಟ್ಟಿ. ಮುಕ್ಕಾಲು ತಾಸು ಎಂದರೆ ಐದು ವರ್ಷದ ಮಗುವಿಗೆ ಏನು ಗೊತ್ತು? ಏಳು ರೊಟ್ಟಿ ಎಷ್ಟು ಹೊತ್ತೆಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದೆ.

ಅಲುಗಾಡಿದರೆ ಏನಾಗುತ್ತದೆಂದು ತೋರಿಸಲು ಅವಳೇ ಫೋನಿನಿಂದ ನನ್ನ ಫೋಟೋ ತೆಗೆಯುತ್ತಿದ್ದಳು. ನನಗೆ ಆಗಲೇ ಸೊಳ್ಳೆ ಕಚ್ಚಬೇಕೆ? “ಮಾಮಾ ಅಲುಗಾಡಿದ! ನೋಡ್ರಿ, ಎರಡ ಮೂಗ ಬಂದಾವ! ಫೋಟೋ ಕೆಟ್ಟತು, ಮತ್ತ ಮೊದಲಿಂದ!” ಹೀಗೆ ನಾಲ್ಕು ಸಲ ಮೊದಲಿಂದ. ಮೂರನೆಯ ಸಲಕ್ಕೆ ಮೇಲಿನ ಮನೆಯ ಕಲಬುರಗಿಯ ಹೆಣ್ಣುಮಗಳು ಮೊಸರಿಗೆ ಹೆಪ್ಪು ಕೇಳಲು ಬಂದರು. ಜಮಖಾನೆಯಿಂದ ಹೊರಗೆ ಚಾಚಿದ ನನ್ನ ಎರಡು ಕಾಲು ನೋಡಿ, “ಯವ್ವಾ, ನಿಮ್ಮಣ್ಣಾರಿಗೆ ಏನ್ ಆಗ್ಯದ?” ಎಂದು ಗಾಬರಿಯಾದರು.

“ಸುಮ್ನಿರ್ರಿ ಆಂಟಿ,” ಎಂದಳು ತನು, “ಇನ್ನೂ ಎರಡ ರೊಟ್ಟಿ ಅದಾವ.”

ಆಮೇಲೆ ಅವಳ ಸರದಿ. ಜಮಖಾನೆಯ ಒಳಗೆ ಏಳು ರೊಟ್ಟಿ ಅವಳು ಕಲ್ಲಿನಂತೆ ಮಲಗಿದ್ದಳು. ಸದ್ದು ನಿಂತ ಮೇಲೂ ಏಳಲಿಲ್ಲ. ನಾನು ಉಸಿರು ನಿಂತಿದೆಯೇನೋ ಎಂದು ಬಗ್ಗಿ ನೋಡಿದೆ. ನಿದ್ದೆ ಹೋಗಿದ್ದಳು.

ಏಳು ರೊಟ್ಟಿ, ಬುಧವಾರ

ಬೆಳಿಗ್ಗೆ ಗೆಜ್ಜೆ ಬಿಚ್ಚಿದರು, ಬೆಳ್ಳಿಯ ಉಡದಾರ ಬಿಚ್ಚಿದರು. ಯಂತ್ರದ ಕೋಣೆಗೆ ಲೋಹದ್ದೇನೂ ಹೋಗುವಂತಿಲ್ಲ. ಮಗುವಿನ ಜೊತೆ ದೊಡ್ಡವರು ಒಬ್ಬರಿಗೆ ಮಾತ್ರ ಅವಕಾಶ. ಸುಮಂಗಲಾ ಆಗಲೇ ತಾಳಿ ಬಿಚ್ಚಿ ಗಂಡನ ಕೈಗೆ ಕೊಟ್ಟು ನಿಂತಿದ್ದಳು. ಯಾರು ಬರಬೇಕೆಂದು ಪದ್ಮಾ ಹುಡುಗಿಯನ್ನೇ ಕೇಳಿದರು.

“ಮಾಮಾ ಬರಲಿ.”

ಎಲ್ಲರೂ ನನ್ನನ್ನು ನೋಡಿದರು. ಸುಮಂಗಲಾಳ ಮುಖ ಸಣ್ಣದಾಯಿತು. ಹುಡುಗಿ ಅವ್ವನಿಗೆ ಸಮಾಧಾನ ಹೇಳುವಂತೆ ಹೇಳಿದಳು: “ಅವ್ವಾ, ನೀ ಹೊರಗ ಅಪ್ಪಾಜಿ ಕೂಡ ಇರತಿ. ಮಾಮಾಗ ಒಬ್ಬಂಗ ಹೆದರಿಕಿ ಆಗ್ತೈತಿ.”

ನನ್ನನ್ನು ಮೂರು ಸಲ ಪರೀಕ್ಷಿಸಿದರು. ಒಂದು ಸಲ ಅವರು, ಎರಡು ಸಲ ನಾನೇ ಕೇಳಿಕೊಂಡು. ಹಲ್ಲಿಗೆ ತುಂಬಿದ ಸಿಮೆಂಟಿನ ಬಗ್ಗೆ ಬಹಳ ವಿಚಾರಿಸಿದೆ.

ಮೊದಲು ಸೂಜಿ. ಅದಕ್ಕೆ ಬೇರೆ ಕೋಣೆ; ಆಟದ ಕೋಣೆಗೆ ಸೂಜಿ ಬರುವುದಿಲ್ಲವಲ್ಲ. ನರ್ಸ್ ಒಳ್ಳೆಯ ಹೆಣ್ಣುಮಗಳು. ಕೈ ಹಿಡಿದುಕೊಳ್ಳುತ್ತಲೇ ರೂಢಿಯಂತೆ, “ನೊಪ್ಪಿ ಉಂಡದು ಅಮ್ಮಾ,” ಎಂದಳು. ನೋವಿರುವುದಿಲ್ಲ ಎಂದು. ತೆಲುಗು ತನುವಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವಳ ಹುಬ್ಬು ಗಂಟಾಯಿತು. ಕೈ ಮೆಲ್ಲಗೆ ಹಿಂದೆ ಸರಿಯತೊಡಗಿತು. ನನಗೆ ಹೋದ ವಾರ ಗೋಡೆಗೆ ಮುಖ ಮಾಡಿ ಕೂತ ಅವಳ ಬೆನ್ನು ನೆನಪಾಯಿತು.

“ಆಗ್ತೈತಿ, ತನೂ,” ಎಂದೆ. “ನೋವ ಆಗ್ತೈತಿ. ಹತ್ತು ಎಣಸೂತನ.”

ಪದ್ಮಾ ತೆಲುಗಿನಲ್ಲಿ ನರ್ಸ್ ಕಿವಿಯಲ್ಲಿ ಏನೋ ಹೇಳಿದರು. ನರ್ಸ್ ನಕ್ಕು, “ಸರೇ. ಕೊಂಚಂ ನೊಪ್ಪಿ ಉಂಟುಂದಿ” ಎಂದಳು. ಸ್ವಲ್ಪ ನೋವಿರುತ್ತದೆ ಎಂದು ತಿದ್ದಿಕೊಂಡಳು.

ಕೈ ನಿಂತಿತು. ಇನ್ನೊಂದು ಕೈಯಿಂದ ನನ್ನ ಹೆಬ್ಬೆರಳು ಹಿಡಿದು ಎಣಿಸತೊಡಗಿದಳು. ಮೂರಕ್ಕೆ ಕಣ್ಣು ತುಂಬಿತು. ಐದಕ್ಕೆ ಕಿರುಚಿದಳು, ಇಡೀ ವರಾಂಡಾಕ್ಕೆ ಕೇಳುವಂತೆ. ಕಿರುಚುತ್ತಲೇ “ಆರು!” ಎಂದಳು. “ಏಳು!” ಎಂದಳು. ಎಂಟಕ್ಕೆ ಮುಗಿದೇ ಹೋಗಿತ್ತು. ಉಳಿದ ಎರಡನ್ನು ಬಿಕ್ಕುತ್ತ ತಾನೇ ಎಣಿಸಿ ಮುಗಿಸಿದಳು. ಮಾತೆಂದರೆ ಮಾತು. ಕೈ ಎಳೆದುಕೊಂಡಿರಲಿಲ್ಲ.

ಆಮೇಲೆ ಯಂತ್ರ. ಕಾಲು ಮುಂದಾಗಿ ಒಳಗೆ ಹೋದಳು. ನನ್ನ ಕೈ ಚಾಚಿದರೆ ಅವಳ ಬೆರಳು ಸಿಗುವಷ್ಟು ದೂರದಲ್ಲಿ ತಲೆ. ಇಬ್ಬರ ಕಿವಿಗೂ ಹತ್ತಿ ಇಟ್ಟಿದ್ದರು. ಗಾಜಿನ ಆಚೆ ಕೂತ ತಂತ್ರಜ್ಞನಿಗೆ ಪದ್ಮಾ ಎಲ್ಲವನ್ನೂ ಹೇಳಿಟ್ಟಿದ್ದರು. ಸ್ಪೀಕರಿನಲ್ಲಿ ಅವನ ಗಂಭೀರ ದನಿ ಬಂತು: “ಮೊದಟಿ ರೊಟ್ಟೆ.”

ಟಪ್ ಟಪ್ ಟಪ್ ಟಪ್.

ಮನೆಯ ಸದ್ದಿಗಿಂತ ಇದು ಹತ್ತು ಪಟ್ಟು ಜೋರು. ನೆಲವೇ ನಡುಗಿದಂತಿತ್ತು. ಅವಳ ಬೆರಳು ನನ್ನ ಬೆರಳನ್ನು ಬಿಗಿ ಹಿಡಿಯಿತು, ಆದರೆ ಅಲುಗಲಿಲ್ಲ. ಎರಡು. ಮೂರು. ನಾಲ್ಕನೆಯದು ಮುಗಿದಾಗ ಒಳಗಿನಿಂದ, “ಮಾಮಾ, ಮೂಗ ಕಡ್ಯಾಕತ್ತೈತಿ.” ಗಾಜಿನ ಆಚೆಯವನು ಆಗಬಹುದೆಂದು ಕೈ ಸನ್ನೆ ಮಾಡಿದ. ನಾನು ತೋಳು ಚಾಚಿ, ಒಂದು ಬೆರಳಿನಿಂದ ಮೂಗು ತುರಿಸಿದೆ. “ಇನ್ನೂ ಬಲಕ್ಕ. ಹಾಂ.” ಐದು. ಐದಕ್ಕೆ ನನ್ನ ಎಡಗಾಲು ಜೋಮು ಹಿಡಿಯಿತು. ನಾನು ಅಲುಗಾಡಿದರೆ ಯಾವ ಫೋಟೋವೂ ಕೆಡುವುದಿಲ್ಲವೆಂದು ಗೊತ್ತಿದ್ದರೂ ಅಲುಗಾಡಲಿಲ್ಲ.

ಸ್ಪೀಕರ್ ಮತ್ತೆ ಗಟ್ಟಿಯಾಗಿ ಹೇಳಿತು: “ತನ್ಮಯಿ, ಇಂಕಾ ರೆಂಡು ರೊಟ್ಟೆಲೇ.” ಇನ್ನು ಎರಡೇ ರೊಟ್ಟಿ. ನಾನು ನನ್ನ ಐವತ್ತೆರಡು ವರ್ಷದಲ್ಲಿ ಕೇಳಿದ ಅತ್ಯಂತ ಒಳ್ಳೆಯ ವಾಕ್ಯ ಅದು.

ಏಳನೆಯದು ಮುಗಿದು ಹಾಸಿಗೆ ಹೊರಗೆ ಜಾರಿದಾಗ ಅವಳು ನನ್ನನ್ನು ನೋಡಲಿಲ್ಲ. ಗಾಜಿನ ಕಡೆ ತಿರುಗಿ ಕೇಳಿದಳು: “ಫೋಟೋ ಚೊಲೊ ಬಂದಾವೇನು?”

ಆ ಮನುಷ್ಯನಿಗೆ ಕನ್ನಡ ಬರುವುದಿಲ್ಲ. ಆದರೂ ಎರಡೂ ಹೆಬ್ಬೆರಳು ಎತ್ತಿದ. ನನಗೆ ಕುರ್ಚಿಯಿಂದ ಏಳಲಾಗದೆ ಪದ್ಮಾ ಬಂದು ಕೈಕೊಟ್ಟು ಎಬ್ಬಿಸಿದರು.

ಮಿಯಾಪುರ, ವಾಪಸ್ಸು

ಶುಕ್ರವಾರ ವೈದ್ಯರು ಕರೆದು ಹೇಳಿದರು. ಎಲುಬಿನೊಳಗೆ ನೀರು ತುಂಬಿದ ಒಂದು ಗುಳ್ಳೆ, ಅಷ್ಟೆ. ನಾವು ಹೆಸರು ತೆಗೆಯದಿದ್ದದ್ದು ಅಲ್ಲ. ಕೆಲವು ವಾರ ಜಿಗಿಯಬಾರದು, ಓಡಬಾರದು; ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕು. “ಮತ್ತ ಎಷ್ಟ್ ರೊಟ್ಟಿ?” ಎಂದಳು ತನು. ವೈದ್ಯರಿಗೆ ತಿಳಿಯಲಿಲ್ಲ. ಬಸವರಾಜನಿಗೆ ತಿಳಿಯಿತು. ಆ ಮಾತಿಲ್ಲದ ಮನುಷ್ಯ ಹೊರಗೆ ಬಂದು, ಗೋಡೆಗೆ ಒರಗಿ, ನಗುತ್ತ ಕಣ್ಣೊರೆಸಿಕೊಂಡು, “ಅಣ್ಣಾರ, ಚಹಾ ಕುಡಿಯೋಣ ನಡೀರಿ” ಎಂದ.

ಇರಾನಿ ಹೋಟೆಲಿನಲ್ಲಿ ಕೂತೆವು. ಆ ಊರಿನ ಜನ ಚಹಾದ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂತಿರುತ್ತಾರೆ, ಯಾರೂ ಎಬ್ಬಿಸುವುದಿಲ್ಲ. ನಮ್ಮಲ್ಲಿ ಕಪ್ಪಿನಿಂದ ಬಸಿಗೆ ಸುರಿದು, ಊದಿ, ಎರಡು ಗುಟುಕಿಗೆ ಮುಗಿಸಿ ಎದ್ದರೆ ಆಯಿತು. ಬಂದು ಒಂಬತ್ತು ದಿನವಾಗಿದ್ದರೂ ಅಲ್ಲಿಯ ಚಹಾದ ರುಚಿ ನನಗೆ ಗೊತ್ತಾದದ್ದು ಅವತ್ತೇ. ಹಗ್ಗವನ್ನು ಕುಷಾಯಿಗೂಡದಲ್ಲೇ ಬಿಟ್ಟೆ. ಸುಮಂಗಲಾ ಗಚ್ಚಿಯ ಮೇಲೆ ಬಟ್ಟೆ ಒಣಹಾಕಲು ಕಟ್ಟಿಕೊಂಡಳು. ಮಿಯಾಪುರದಲ್ಲಿ ಬಸ್ಸು ಹತ್ತಿ, ಪಟಾನ್‌ಚೆರು ದಾಟುವಾಗ ಕಿಟಕಿ ಮುಚ್ಚಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಹುಮನಾಬಾದ್ ಹಿಂದಾಗಿತ್ತು. ಬಸ್ಸಿನಲ್ಲಿ ನಾನು ನಿದ್ದೆ ಹೋಗಿದ್ದೆ, ಎಂದೂ ಇಲ್ಲದ್ದು.

ಮನೆಗೆ ಬಂದ ಮರುದಿನ ಶಕುಂತಲಾ ರಕ್ತ ಪರೀಕ್ಷೆಗೆ ಕರೆದೊಯ್ದಳು. ಹತ್ತು ಎಣಿಸುತ್ತ ಆರಕ್ಕೆ ಕೂಗಿದೆ. ಕೈ ಎಳೆಯಲಿಲ್ಲ.

ಆ ಸಂಜೆ ಊಟದ ಹೊತ್ತಿಗೆ ಫೋನ್ ಬಂತು. ಟವೆಲ್ ಇಲ್ಲದ ತಲೆ ಹೊತ್ತು ಫೋನಿನ ಮುಂದೆ ಕೂತೆ. ತನುವಿನ ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ಏನು ಹೇಳಿ ಉಣಿಸಬೇಕೆಂದು ನನಗೆ ಒಂದೂ ಹೊಳೆಯಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅವಳು ಎರಡು ತುತ್ತು ತಿಂದಿದ್ದಳು.

“ಮಾಮಾ,” ಎಂದಳು.

“ಹೇಳವ್ವ.”

“ನಾ ಉಣ್ಣದಿದ್ರ ಬಸ್ ಹತ್ತಿ ಬರ್ತೀನಿ ಅಂತಿದ್ದೆಲ್ಲ?”

“ಅಂತಿದ್ದೆ,” ಎಂದೆ.

“ಈಗೂ ಬರ್ತೀಯೇನು?”

ಖರೇ ಹೇಳಬೇಕೆಂದು ಕಲಿತು ಬಂದಿದ್ದೆನಲ್ಲ. “ನೀ ಕರದ್ರ ಬರ್ತೀನಿ,” ಎಂದೆ.

ಅವಳು ಅಡುಗೆಮನೆಯಲ್ಲಿದ್ದ ಅವ್ವನಿಗೆ ಕಾಣದಂತೆ, ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು.